ಎರಡು ಕೆಂಪು ಕಣ್ಣು

ಜೂನ್ 4

ಪುಟಾಣಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ನಿನ್ನ ಅಮ್ಮ ಒಂದು ಸೂಟ್‌ಕೇಸ್, ಒಂದು ಕೆಂಪು ಕಣ್ಣು ಹೊತ್ತುಕೊಂಡು ನಿನ್ನ ಕೋಣೆಗೆ ಬಂದಿಳಿದಿದ್ದಾಳೆ ಅಂತ ಓದಿದೆ. ಓದಿ, ಮಡಚಿ, ಸೂಜಿ ಡಬ್ಬಿಯ ಕೆಳಗಿಟ್ಟು, ಮತ್ತೆ ತೆಗೆದು ಓದಿದೆ. ಎರಡನೇ ಸಲವೂ ಅದೇ ಬರೆದಿತ್ತು.

ನಿನಗೆ ಈಗ ಸ್ವಂತ ಮಂಚ, ಸ್ವಂತ ಕಿಟಕಿ, ಆಸ್ಪತ್ರೆಯಲ್ಲಿ ಸ್ವಂತ ಕುರ್ಚಿ ಇದೆ. ಈಗ ಬಂದಳು ನೋಡು. ನಿನಗೆ ಹಾಲುಹಲ್ಲು ಬೀಳುವ ಮೊದಲೇ ನನ್ನ ಮಡಿಲಲ್ಲಿ ಕೂರಿಸಿ, "ಅಕ್ಕಾ, ಆರು ತಿಂಗಳು ನೋಡ್ಕೋ, ಕೆಲಸ ಒಂದು ನೆಲೆಗೆ ಬರಲಿ" ಅಂದು ಹೋದವಳು. ನಿಮಿಷಕ್ಕೊಂದು ಗುಂಡಿಯ ಕಾಜಾ ಹೊಲಿದು ಬಿಸಾಡುವ ಯಂತ್ರವನ್ನು ಊರೂರಿಗೆ ಕೊಂಡೊಯ್ದು ತೋರಿಸಿ ಮಾರುವವಳು ಅವಳು. ಕೋಟಿನ ಒಂದು ಕಾಜಾಕ್ಕೆ ಕಾಲು ಗಂಟೆ ಬಗ್ಗಿ ಕೂರುವವಳು ನಾನು. ನಿನ್ನನ್ನು ಬೆಳೆಸಿದ್ದು ಕಾಲು ಗಂಟೆಯವಳು, ಇಷ್ಟು ನೆನಪಿರಲಿ.

ನನಗೆ ಹೊಟ್ಟೆಕಿಚ್ಚು ಅಂದುಕೊಳ್ಳಬೇಡ. ಅಂದುಕೊಂಡರೂ ತಪ್ಪಿಲ್ಲ, ಅದು ಹೊಟ್ಟೆಕಿಚ್ಚೇ. ನನಗೆ ಹೊಲಿಗೆ ಕೊಡುವ ಟೇಲರ್ ಅಂಗಡಿಯ ಮಾಸ್ಟರಿಗೆ ವಿಷಯ ಹೇಳಿದೆ. ಟೇಪನ್ನು ಕೊರಳಿಗೆ ಹಾಕಿಕೊಂಡು ನಕ್ಕರು. "ಏನಮ್ಮಾ, ತಾಯಿ ಮಗಳ ಹತ್ರ ಹೋದ್ರೆ ನಿಮಗ್ಯಾಕೆ ಸಂಕಟ?" ಅಂದರು. "ನಿಮ್ಮ ಕತ್ತರಿ ಪಕ್ಕದ ಅಂಗಡಿಯವನು ತಗೊಂಡು ಹೋದ್ರೆ ಸುಮ್ನಿರ್ತೀರಾ?" ಅಂತ ಕೇಳಿದೆ. "ಕತ್ತರಿ ವಿಷಯ ಬೇರೆ ಬಿಡಿ," ಅಂದರು. ಮನುಷ್ಯನಿಗೆ ಅರ್ಥವೇ ಆಗಲಿಲ್ಲ.

ಅವಳ ಕಣ್ಣಿಗೆ ಏನಾಗಿದೆ, ಬರೆ. ಕೆಟ್ಟದ್ದಾಗಲಿ ಅಂತ ನಾನು ಬಯಸುವವಳಲ್ಲ. ನಿನ್ನ ಮಂಚ ಮಾತ್ರ ಅವಳಿಗೆ ಬಿಟ್ಟುಕೊಟ್ಟು ನೆಲದ ಮೇಲೆ ಮಲಗಬೇಡ.

ನಿನ್ನ
ದೊಡ್ಡಮ್ಮ

ಜೂನ್ 9

ಪ್ರೀತಿಯ ದೊಡ್ಡಮ್ಮ,

ನಿನ್ನ ಕಾಗದ ನೋಡಿ ನಗು ಬಂತು, ಆಮೇಲೆ ನಗು ನಿಂತಿತು. ನಾನು ನೆಲದ ಮೇಲೇ ಮಲಗುತ್ತಿದ್ದೇನೆ, ಸುಳ್ಳು ಹೇಳಲಾರೆ.

ಅಮ್ಮನದು ಊರಿಗೆಲ್ಲ ಹರಡುವ ಸಾಮಾನ್ಯ ಕಣ್ಣುಬೇನೆಯಲ್ಲ. ಅದರಲ್ಲಿ ಪಿಸರು ಬರುತ್ತದೆ, ಬೆಳಗ್ಗೆ ರೆಪ್ಪೆ ಅಂಟಿಕೊಳ್ಳುತ್ತದೆ. ಅಮ್ಮನಿಗೆ ಪಿಸರಿಲ್ಲ. ಕಪ್ಪು ಗುಡ್ಡೆಯ ಸುತ್ತ ಬಳೆ ತೊಡಿಸಿದ ಹಾಗೆ ಕೆಂಪು, ಹುಬ್ಬಿನ ಮೂಳೆಯ ಒಳಗೆ ಮಂದವಾದ ಆಳದ ನೋವು, ಬೆಳಕು ಕಂಡರೆ ಚುಚ್ಚಿದಂತೆ, ನೋಟ ಮಂಜು ಮಂಜು. ಯುವಿಯೈಟಿಸ್ ಎನ್ನುತ್ತೇವೆ. ಕಣ್ಣಿನ ಒಳಪದರದ ಉರಿಯೂತ. ಸೂಕ್ಷ್ಮದರ್ಶಕದ ದೀಪವನ್ನು ಸಣ್ಣ ಸೀಳಿನಂತೆ ಮಾಡಿ ಕಣ್ಣೊಳಗೆ ಬಿಟ್ಟರೆ, ಬಾಗಿಲ ಸಂದಿಯ ಬಿಸಿಲಿನಲ್ಲಿ ಧೂಳು ತೇಲುವ ಹಾಗೆ ಕಣಗಳು ತೇಲುವುದು ಕಾಣುತ್ತದೆ. ತಡಮಾಡಿದರೆ ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಂಡು ನೋಟವೇ ಹೋಗಬಹುದು.

ಅದಕ್ಕೇ ಪಾಪೆ ಅಗಲಿಸುವ ಹನಿ ಒಂದು, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಹನಿ ಇನ್ನೊಂದು. ಎರಡನೆಯದನ್ನು ಎಚ್ಚರವಿರುವಷ್ಟೂ ಹೊತ್ತು ಗಂಟೆಗೊಮ್ಮೆ ಹಾಕಬೇಕು. ಕೆಂಪು ಹೋಯಿತೆಂದು ತಟ್ಟನೆ ನಿಲ್ಲಿಸುವಂತಿಲ್ಲ, ವಾರಗಟ್ಟಲೆ ನಿಧಾನವಾಗಿ ಇಳಿಸಬೇಕು. ಮೂಲ ಬೇರೆಲ್ಲೋ ಇರಬಹುದೆಂದು ರಕ್ತ, ಎದೆ, ಬೆನ್ನು ಎಲ್ಲ ಪರೀಕ್ಷೆ ಮಾಡಿಸಿದ್ದೇನೆ. ಎಷ್ಟೋ ಜನರಲ್ಲಿ ಕಾರಣ ಸಿಗುವುದೇ ಇಲ್ಲ.

ನಮ್ಮ ಹಿರಿಯ ಡಾಕ್ಟರರ ಹತ್ತಿರ ಹೋಗು ಅಂದೆ. "ನೀನಿರುವಾಗ ಬೇರೆಯವರು ಯಾಕೆ?" ಅಂತ ಹಟ ಹಿಡಿದು ಕೂತಿದ್ದಾಳೆ. ಹಾಗಾಗಿ ನಾನೇ ನೋಡುತ್ತಿದ್ದೇನೆ.

ನಿನ್ನ
ಪುಟಾಣಿ

ಜೂನ್ 16

ಪುಟಾಣಿಗೆ,

ಗಂಟೆಗೊಮ್ಮೆ!

ನನಗೆ ಕಾಗದ ಬರೆಯುವುದು ತಿಂಗಳಿಗೊಮ್ಮೆ, ಅದೂ ನಾನು ಎರಡು ಬರೆದ ಮೇಲೆ. ಅವಳ ಗಲ್ಲ ಹಿಡಿದು ಮುಖ ಮೇಲೆತ್ತಿ, ಕೆಳರೆಪ್ಪೆ ಎಳೆದು, "ಮೇಲೆ ನೋಡಮ್ಮಾ" ಅನ್ನುವುದು ಗಂಟೆಗೊಮ್ಮೆ. ನಾನು ನೋಡಿಲ್ಲ ಅಂದುಕೊಳ್ಳಬೇಡ. ಸೂಜಿಗೆ ದಾರ ಪೋಣಿಸುವಾಗೆಲ್ಲ ನೋಡುತ್ತಿದ್ದೇನೆ.

ನನಗೆ ಯಾವ ರೋಗವೂ ಬರಲಿಲ್ಲ, ಅದೇ ನನ್ನ ದುರದೃಷ್ಟ. ಅಷ್ಟು ವರ್ಷ ನಿನ್ನ ಜ್ವರ, ನಿನ್ನ ಕೆಮ್ಮು, ನಿನ್ನ ಕಿವಿನೋವು ನೋಡಿಕೊಂಡೆ. ನನಗೂ ಒಂದು ಬಂದಿದ್ದರೆ ಹಕ್ಕಿನಿಂದ ಬಂದು ನಿನ್ನ ಮಂಚದ ಮೇಲೆ ಕಾಲು ಚಾಚುತ್ತಿದ್ದೆ. ನೀನು ಡಾಕ್ಟರಾದಾಗಿನಿಂದ ಬಂದದ್ದೆಂದರೆ ಈ ವಾರದ ನೆಗಡಿ, ತುಟಿಯ ಮೇಲೊಂದು ಜ್ವರದ ಗುಳ್ಳೆ. ಗುಳ್ಳೆ ತೋರಿಸೋಕೆ ಬಸ್ಸು ಹತ್ತುವವರು ಯಾರು!

ಒಂದು ಮಾತು ಕೇಳಬೇಕಿತ್ತು. ಈ ನಿನ್ನ ಯುವಿಯೈಟಿಸ್ಸು ರಕ್ತಸಂಬಂಧದಲ್ಲಿ ಬರುತ್ತದೆಯೇ? ಸುಮ್ಮನೆ ಕೇಳಿದೆ. ನಾವಿಬ್ಬರೂ ಒಂದೇ ತಾಯಿಯ ಮಕ್ಕಳು.

ನಿನ್ನ
ದೊಡ್ಡಮ್ಮ

ಜೂನ್ 28

ಅಕ್ಕಾ,

ಕಣ್ಣು ಬೆಳ್ಳಗಾಯ್ತು. ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲವಂತೆ. ಹನಿ ಈಗ ದಿನಕ್ಕೆ ನಾಲ್ಕೇ ಸಲ, ಇನ್ನೂ ಇಳಿಸಬೇಕಂತೆ. ಕಂಪನಿಯವರು ಕರೆಯುತ್ತಿದ್ದಾರೆ, ಬುಧವಾರ ನಿನ್ನ ಊರಿನ ಮೇಲೇ ಹೋಗುತ್ತೇನೆ. ಒಂದು ರಾತ್ರಿ ಜಾಗ ಕೊಡು. ಯಂತ್ರ ತರುವುದಿಲ್ಲ, ಹೆದರಬೇಡ.

ನನ್ನ ಮಗಳು ರಾಣಿಯ ಹಾಗೆ ನೋಡಿಕೊಂಡಳು ಅಂತ ಬರೆದಿದ್ದೆ. "ನನ್ನ" ಹೊಡೆದುಹಾಕಿ "ನಿನ್ನ" ಅಂತ ಮಾಡಿದ್ದೇನೆ, ನೋಡಿಕೋ. ನೀನು ಕಾಗದವನ್ನೇ ಹರಿದು ಹಾಕಿಬಿಡುತ್ತೀಯ ಅಂತ ಭಯ.

ತಂಗಿ

ಜುಲೈ 8

ಪುಟಾಣಿಗೆ,

ನಿನ್ನ ಅಮ್ಮ ಬಂದು ಹೋದಳು. ಮನೆಯೊಳಗೂ ಕಪ್ಪು ಕನ್ನಡಕ. ಚಹಾ ಕುಡಿಯುವಾಗ ಒಂದು ಸಲ, ಮಲಗುವಾಗ ಒಂದು ಸಲ ಗೋಡೆಗೆ ಒರಗಿ ಹನಿ ಹಾಕಿಕೊಂಡಳು. "ಅವಳು ಹಾಕಿದ್ರೆ ತಣ್ಣಗಿರತ್ತೆ, ನಾನು ಹಾಕ್ಕೊಂಡ್ರೆ ಕೆನ್ನೆ ಮೇಲೆಲ್ಲ ಹರಿಯತ್ತೆ," ಅಂದಳು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಎದ್ದುಹೋದೆ. ಹೋಗುವ ಗಡಿಬಿಡಿಯಲ್ಲಿ ಸೀಲು ಒಡೆಯದ ಒಂದು ಹನಿ ಬಾಟಲಿ ಕಿಟಕಿಯ ಮೇಲೆ ಮರೆತಿದ್ದಾಳೆ.

ಈಗ ನಿಜವಾದ ವಿಷಯ. ಗಾಬರಿಯಾಗಬೇಡ. ನನಗೂ ಬಂದಿದೆ. ಬಲಗಣ್ಣು. ಕಪ್ಪು ಗುಡ್ಡೆಯ ಸುತ್ತ ಬಳೆ ತೊಡಿಸಿದ ಹಾಗೆ ಕೆಂಪು, ಹುಬ್ಬಿನ ಮೂಳೆಯ ಒಳಗೆ ಮಂದವಾದ ಆಳದ ನೋವು, ಬೆಳಕು ಕಂಡರೆ ಚುಚ್ಚಿದಂತೆ, ನೋಟ ಮಂಜು ಮಂಜು. ಪಿಸರಿಲ್ಲ. ನೀನು ಬರೆದದ್ದಕ್ಕೆ ತಕ್ಕಂತೆ ಎಲ್ಲವೂ ಇದೆ. ತಂಗಿಗೆ ಬಂದದ್ದು ಅಕ್ಕನಿಗೂ ಬರುವುದು ಸಹಜ ತಾನೇ?

ಆ ಬಾಟಲಿಯ ಸೀಲು ಒಡೆದು ಮೂರು ದಿನದಿಂದ ಗಂಟೆಗೊಮ್ಮೆ ಹಾಕಿಕೊಳ್ಳುತ್ತಿದ್ದೇನೆ. ಮೊದಲ ದಿನ ಆರಾಮ ಅನ್ನಿಸಿತು. ಈಗ ಅಷ್ಟಿಲ್ಲ. ಹಾಕುವ ಕೈ ನನ್ನದಾದ್ದರಿಂದ ಇರಬೇಕು. ನಾನು ಯಾವಾಗ ಬರಲಿ, ಬರೆ. ನೆಲದ ಮೇಲೆ ನಾನೇ ಮಲಗುತ್ತೇನೆ.

ನಿನ್ನ
ದೊಡ್ಡಮ್ಮ

ಜುಲೈ 11

ದೊಡ್ಡಮ್ಮ,

ಆ ಹನಿ ನಿಲ್ಲಿಸು. ಈಗಲೇ. ನಿನ್ನ ಕಾಗದ ಕೈಗೆ ಸಿಕ್ಕಿದ ತಕ್ಷಣ ಮಾಸ್ಟರ್ ಅಂಗಡಿಗೆ ಫೋನ್ ಮಾಡಿದೆ. ಅವರು ನಿನ್ನ ಮನೆಗೆ ಓಡಿಬಂದು ಬಾಟಲಿ ಕಸಿದುಕೊಂಡರಂತೆ. ಅವರನ್ನು ಬೈಯಬೇಡ. "ನನ್ನ ಕಣ್ಣಿನ ವಿಷಯ ಎಲ್ಲ ಬರೆದಿದ್ದೀನಿ, ಅದೇ ಸಾಕು ಅಂತ ಹೇಳಿ" ಅಂದೆಯಂತೆ. ಸಾಲದು.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಅದರಲ್ಲಿ ಇರುವುದು ನಿನ್ನ ಕಣ್ಣಲ್ಲ, ನನ್ನ ಮಾತು. ನಾನು ಅಮ್ಮನ ಬಗ್ಗೆ ಬರೆದ ಸಾಲುಗಳು, ಒಂದು ಅಲ್ಪವಿರಾಮವೂ ಹೆಚ್ಚುಕಡಿಮೆ ಇಲ್ಲ. ನಿನಗೆ ನೋವಾದರೆ ನೀನು ಹೀಗೆ ಹೇಳುವುದಿಲ್ಲ. ಮಂಡಿ ನೋವನ್ನು "ಎರಡು ಬಟ್ಟೆ ಸೇರಿಸಿ ಉಲ್ಟಾ ಹೊಲಿದ ಹಾಗಿದೆ" ಅಂದವಳು ನೀನು.

ಕೆಂಪು ಕಣ್ಣೆಲ್ಲ ಒಂದೇ ಅಲ್ಲ ದೊಡ್ಡಮ್ಮ. ಅಮ್ಮನ ಕಣ್ಣು ಉಳಿಸಿದ ಹನಿಯೇ ಇನ್ನೊಂದು ಬಗೆಯ ಕೆಂಪು ಕಣ್ಣಿಗೆ ವಿಷ. ರೋಗಾಣುವಿನ ವಿರುದ್ಧ ಹೋರಾಡುವ ಶಕ್ತಿಯನ್ನೇ ಅದು ಮಲಗಿಸಿಬಿಡುತ್ತದೆ. ನಿನ್ನ ಜೂನ್ ತಿಂಗಳ ಕಾಗದ ತೆಗೆದು ನೋಡಿದೆ. ನೆಗಡಿ, ತುಟಿಯ ಮೇಲೆ ಗುಳ್ಳೆ ಅಂತ ಬರೆದಿದ್ದೀಯ. ಅದೇ ನನಗೆ ಭಯ.

ಈ ಕಾಗದ ಸಿಕ್ಕಿದ ಕೂಡಲೇ ಮೊದಲ ಗಾಡಿಗೆ ಹೊರಡು. ಬರುವಾಗ ನಿನ್ನ ಕಣ್ಣಿಗೆ ನಿಜವಾಗಿ ಏನಾಗುತ್ತಿದೆ ಅನ್ನುವುದನ್ನು ನಿನ್ನದೇ ಮಾತಿನಲ್ಲಿ ಹೇಳಲು ತಯಾರಾಗಿ ಬಾ. ಯಾರ ರೋಗವನ್ನೂ ಎರವಲು ತರಬೇಡ.

ಪುಟಾಣಿ

ಜುಲೈ 13

ಪುಟಾಣಿಗೆ,

ಈ ಕಾಗದ ಅಂಚೆಗೆ ಹಾಕುವುದಿಲ್ಲ. ಕೈಯಲ್ಲೇ ತಂದು ಕೊಡುತ್ತೇನೆ. ಮುಖ ನೋಡಿ ಹೇಳಲಾಗದ್ದು ಇದರಲ್ಲಿದೆ. ಗಾಡಿಯಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಅಲ್ಲಾಡಿದರೆ ಅದು ಗಾಡಿಯ ತಪ್ಪು.

ಕಾಜಾ ಸೀಳುವಾಗ ಬಟ್ಟೆಯಿಂದ ನೂಲಿನ ಪುಡಿ ಉದುರುತ್ತದಲ್ಲ, ಅಂಥದ್ದೊಂದು ಎಳೆ ಕಣ್ಣಲ್ಲಿ ಕೂತ ಹಾಗೆ ಶುರುವಾಯಿತು. ರೆಪ್ಪೆ ಮುಚ್ಚಿದರೆ ಗೀರುತ್ತದೆ, ತೆರೆದರೆ ಗೀರುತ್ತದೆ. ನೀರು ಸುರಿಯುತ್ತದೆ, ಹೊಲಿಯುತ್ತಿದ್ದ ಬಿಳಿ ಕೋಟಿನ ಮೇಲೂ ಎರಡು ಹನಿ ಬಿತ್ತು. ನೀನು ಬರೆದವುಗಳಲ್ಲಿ ಕೆಂಪು ನಿಜ, ಬೆಳಕಿಗೆ ಆಗದಿರುವುದೂ ನಿಜ. ಹುಬ್ಬಿನ ಒಳಗೆ ಏನೂ ಇಲ್ಲ. ಅದನ್ನು ನಾನು ಸೇರಿಸಿದೆ. ನೋಟ ಮಂಜಾದದ್ದು ಹನಿ ಹಾಕಲು ಶುರುಮಾಡಿದ ಮೇಲೆ. ಗೀರುವುದನ್ನು ಬರೆಯಲಿಲ್ಲ, ನಿನ್ನ ಕಾಗದದಲ್ಲಿ ಅದು ಇರಲಿಲ್ಲವಲ್ಲ, ಅದಕ್ಕೆ.

ಯಾಕೆ ಹಾಗೆ ಮಾಡಿದೆ ಅಂತ ಕೇಳಬೇಡ. ಸುಮ್ಮನೆ ಕಸ ಬಿದ್ದಿದೆ ಅಂದಿದ್ದರೆ ನೀನು "ನೀರಲ್ಲಿ ತೊಳ್ಕೋ" ಅಂತ ಎರಡು ಸಾಲು ಬರೆಯುತ್ತಿದ್ದೆ. ಅವಳದೇ ರೋಗ ಬೇಕಿತ್ತು ನನಗೆ. ಅವಳಿಗೆ ಸಿಕ್ಕಿದ್ದು ಸಿಗಬೇಕಾದರೆ ಅವಳಿಗೆ ಬಂದದ್ದೇ ಬರಬೇಕು ಅಂದುಕೊಂಡೆ.

ಬಲಗಣ್ಣು ಹೋದರೆ ಕಾಜಾ ಹೋಯಿತು. ಅದೂ ಗೊತ್ತಿದೆ.

ದೊಡ್ಡಮ್ಮ

ಆಗಸ್ಟ್ 6

ಪುಟಾಣಿಗೆ,

ಊರಿಗೆ ಬಂದು ವಾರವಾಯಿತು. ಬರೆಯುವುದೋ ಬೇಡವೋ ಅಂತ ಇಷ್ಟು ದಿನ ತಡೆದೆ.

ಮುಲಾಮು ಹೇಳಿದ ಹಾಗೇ ಹಾಕುತ್ತಿದ್ದೇನೆ. ಗೀರುವುದು ನಿಂತಿದೆ. ಕಪ್ಪು ಗುಡ್ಡೆಯ ಮೇಲೆ ಒಂದು ಮಸುಕು ಕಲೆ ಉಳಿಯುತ್ತದೆ ಅಂದರಲ್ಲ ನಿಮ್ಮ ಹಿರಿಯ ಡಾಕ್ಟರು, ಉಳಿದಿದೆ. ಆ ಕಣ್ಣಿಂದ ನೋಡಿದರೆ ಮಾಸ್ಟರ ಮುಖ ಬಿಸಿನೀರಿನ ಹಬೆಯ ಆಚೆ ನಿಂತಂತೆ ಕಾಣುತ್ತದೆ. "ಹಾಗಿದ್ರೆ ಚೆನ್ನಾಗೇ ಕಾಣ್ತೀನಿ ಅನ್ನಿ," ಅಂದರು. ಕಪ್ಪು ಬಟ್ಟೆಗೆ ಕಪ್ಪು ದಾರದ ಕೆಲಸ ಇನ್ನು ಕೊಡುವುದಿಲ್ಲವಂತೆ. ಬಿಳಿ ಅಂಗಿಗಳಷ್ಟೇ.

ಅದಕ್ಕೆ ನಾನು ಬರೆಯುತ್ತಿಲ್ಲ. ಅದು ನಾನು ಮಾಡಿಕೊಂಡದ್ದು.

ಅವತ್ತು ನೀನು ನನ್ನ ಗಲ್ಲವನ್ನು ಆ ಕಣ್ಣು ನೋಡುವ ಯಂತ್ರದ ಮೇಲಿಟ್ಟೆ. ಕಣ್ಣಿಗೆ ಹಳದಿ ಬಣ್ಣದ ಹನಿ ಹಾಕಿದೆ, ನೀಲಿ ದೀಪ ಹಚ್ಚಿದೆ. ಇನ್ನೇನು, ನೀನು ನನ್ನ ಕಣ್ಣೊಳಗೆ ನೋಡುತ್ತೀಯ ಅಂತ ಕಾದೆ. ಒಂದೇ ಕ್ಷಣ. ಆಮೇಲೆ ಕುರ್ಚಿ ಸರಿಯಿತು, ನೀನು ಇರಲಿಲ್ಲ. ಬಂದವರು ಆ ಹಿರಿಯರು. ತಣ್ಣನೆಯ ಬೆರಳು. ಮರದ ಒಣ ಕೊಂಬೆಯ ಹಾಗೆ ಹುಣ್ಣು ಕವಲೊಡೆದಿದೆ, ತುಟಿಯ ಗುಳ್ಳೆಯ ವೈರಸ್ಸೇ ಕಣ್ಣಿಗೆ ಬಂದಿದೆ, ಹನಿಯಿಂದ ಹರಡಿದೆ ಅಂದರು. ಒಳ್ಳೆಯವರು. ಆದರೆ ನಾನು ಗಾಡಿ ಹತ್ತಿ ಬಂದದ್ದು ಅವರಿಗಾಗಿ ಅಲ್ಲ.

ಎರಡು ವಾರವೂ ನನ್ನ ಕಣ್ಣಿಗೆ ಮುಲಾಮು ಹಾಕಿದ್ದು ವಾರ್ಡಿನ ನರ್ಸು. ನೀನು ಬಾಗಿಲಲ್ಲಿ ನಿಂತು "ಹೇಗಿದ್ದೀಯ ದೊಡ್ಡಮ್ಮ" ಅನ್ನುತ್ತಿದ್ದೆ. ಅವಳದನ್ನು ನೀನೇ ನೋಡಿದೆ. ನನ್ನನ್ನು ಬೇರೆಯವರಿಗೆ ಕೊಟ್ಟುಬಿಟ್ಟೆ. ಅವಳು ಹೆತ್ತವಳು, ಇರಲಿ. ನಾನು ಎರವಲು ತಂದವಳು, ಇರಲಿ.

ದೊಡ್ಡಮ್ಮ

ಆಗಸ್ಟ್ 12

ದೊಡ್ಡಮ್ಮ,

ಮುಲಾಮು ಇನ್ನು ದಿನಕ್ಕೆ ಮೂರು ಸಲ ಸಾಕು. ಮತ್ತೆ ಗೀರಿದರೆ, ಕೆಂಪಾದರೆ ಅದೇ ದಿನ ಹೊರಡಬೇಕು, ಕಾಗದ ಬರೆಯುತ್ತ ಕೂರಬಾರದು. ತುಟಿಯ ಗುಳ್ಳೆ ಮುಟ್ಟಿದ ಕೈ ಕಣ್ಣಿಗೆ ಹೋಗಬಾರದು. ಮುಂದಿನ ತಿಂಗಳು ಹಿರಿಯರು ನೋಡಬೇಕಂತೆ.

ಉಳಿದದ್ದಕ್ಕೆ ಉತ್ತರ ಮೂರು ಸಲ ಬರೆದೆ. ಮೂರನ್ನೂ ಹರಿದು ಹಾಕಿದೆ.

ಪುಟಾಣಿ

ಆಗಸ್ಟ್ 21

ಅಕ್ಕಾ,

ನಿನ್ನ ಮಗಳು ನನಗೆ ಏನೂ ಹೇಳಲಿಲ್ಲ. ಆದರೂ ನಿನ್ನ ಕಾಗದ ಅವಳ ಮೇಜಿನ ಮೇಲೆ ಬಿಡಿಸಿಟ್ಟಿತ್ತು, ಓದಿದೆ. ಬೈದುಕೋ.

ನಿನಗೆ ಗೊತ್ತಿಲ್ಲದ್ದೊಂದು ಇದೆ. ಅವತ್ತು ನನ್ನ ಕಣ್ಣಿನ ತಪಾಸಣೆಯೂ ಇತ್ತು, ನೀನು ಒಳಗೆ ಹೋದ ಮೇಲೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ನೀನು ಕಣ್ಣು ಅರಳಿಸಿ ಆ ನೀಲಿ ದೀಪ ನೋಡುತ್ತಿದ್ದೆ, ನಿನಗೆ ಬೇರೇನೂ ಕಂಡಿರುವುದಿಲ್ಲ. ನನಗೆ ಅವಳ ಕೈ ಕಾಣುತ್ತಿತ್ತು. ಯಂತ್ರದ ಹಿಡಿ ಹಿಡಿದ ಕೈ ಗಡಗಡ ನಡುಗುತ್ತಿತ್ತು. ಇನ್ನೊಂದು ಕೈಯಿಂದ ಅದನ್ನು ಒತ್ತಿ ಹಿಡಿದಳು. ಆಗಲೂ ನಿಲ್ಲಲಿಲ್ಲ. ಎದ್ದು ಹೊರಗೆ ಬಂದು ಗೋಡೆಗೆ ಹಣೆ ಹಚ್ಚಿ ನಿಂತಳು. "ಸರ್, ಇವರನ್ನ ನೀವು ನೋಡಿ. ನನ್ನ ಕೈಲಾಗಲ್ಲ," ಅಂದಳು. ಹಿರಿಯರು "ಯಾರಮ್ಮ ಅವರು?" ಅಂತ ಕೇಳಿದರು. ಅವಳು ಏನು ಹೇಳಿದಳು ಅಂತ ನಾನು ಬರೆಯುವುದಿಲ್ಲ. ಹೆತ್ತವಳು ನಾನು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ, ನಿನಗೆ ಮುಖ ತೋರಿಸದೇ ಎದ್ದುಹೋದೆ. ಅಷ್ಟು ಸಾಕು.

ಅಕ್ಕಾ, ನನ್ನ ಕಣ್ಣಿಗೆ ಅಷ್ಟು ದಿನ ಹನಿ ಹಾಕಿದಳಲ್ಲ, ಒಂದು ದಿನವೂ ಅವಳ ಕೈ ನಡುಗಲಿಲ್ಲ. ಮೊದಲ ದಿನ, ನೋಟ ಹೋಗಬಹುದು ಅಂತ ನನಗೆ ಹೇಳುವಾಗಲೂ ಕಲ್ಲಿನ ಹಾಗಿತ್ತು. ಬಾಯಿ ಮಾತ್ರ ರೋಗಿಗೆ ಹೇಳುವ ಹಾಗೆ ಹೇಳಿತು. ಎಂಥ ಡಾಕ್ಟರು, ಎಂಥ ಕೈ ಅಂತ ನಾನು ಹೆಮ್ಮೆಪಟ್ಟುಕೊಂಡಿದ್ದೆ, ನೋಡು.

ನಿನಗೆ ಹೊಟ್ಟೆಕಿಚ್ಚಂತೆ! ಆ ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂರಬೇಕಿತ್ತು ನೀನು.

ತಂಗಿ

ಸೆಪ್ಟೆಂಬರ್ 5

ತಂಗಿಗೆ,

ನಿನ್ನ ಕಾಗದ ಬಂದ ದಿನ ನನಗೆ ಊಟ ಸೇರಲಿಲ್ಲ, ಖುಷಿಗೆ. ಸುಳ್ಳು ಯಾಕೆ ಹೇಳಲಿ? ಅಂಗಡಿಗೆ ಹೋಗಿ ಮಾಸ್ಟರಿಗೆ ಓದಿ ಹೇಳಿದೆ, ಅವರ ಹೆಂಡತಿಯನ್ನು ಒಳಗಿಂದ ಕರೆಸಿ ಅವರಿಗೂ ಓದಿ ಹೇಳಿದೆ. "ಕೈ ಗಡಗಡ ನಡುಗುತ್ತಿತ್ತು" ಅನ್ನುವ ಸಾಲಿಗೆ ಬಂದಾಗ ಗಂಟಲು ಕಟ್ಟಿತು ಅಂತ ನಟಿಸಿ ಎರಡು ಸಲ ಓದಿದೆ. ಹೆಂಡತಿ "ಬರೆದವರು ಹೇಗಿದ್ದಾರೆ ಈಗ?" ಅಂತ ಮಾತ್ರ ಕೇಳಿದರು. ನಾನು ಕಾಗದ ಮಡಚಿ ಮನೆಗೆ ಬಂದೆ.

ಆಮೇಲೆ ಇಷ್ಟು ದಿನ ಬರೆಯದೇ ಇದ್ದದ್ದಕ್ಕೆ ಕಾರಣವಿದೆ. ನನ್ನ ಹತ್ತಿರ ಒಂದು ಸಂಗತಿ ಇದೆ, ನಿನ್ನ ಹತ್ತಿರ ಇಲ್ಲ. ನೀನು ಅಲ್ಲಿ ಇರಲಿಲ್ಲವಾದ್ದರಿಂದ ಇಲ್ಲ. ಅದನ್ನು ಕೊಡದೇ ಇಟ್ಟುಕೊಳ್ಳಬೇಕು ಅಂತ ನನಗೆ ತುಂಬಾ ಆಸೆಯಿತ್ತು.

ಅವಳಿಗೆ ಸಣ್ಣ ಭಯಕ್ಕೆ ಕೈ ನಡುಗುತ್ತದೆ. ಪರೀಕ್ಷೆಯ ದಿನ ಹಾಲಿನ ಲೋಟ ಕೊಟ್ಟರೆ ಅರ್ಧ ನೆಲದ ಮೇಲೆ. ಬೆಕ್ಕು ಗೀರಿದರೆ, ಮೇಷ್ಟರು ಗದರಿದರೆ ನಡುಕ. ಎಲ್ಲ ಸರಿಹೋಗುತ್ತದೆ ಅಂತ ಗೊತ್ತಿದ್ದರೂ ನಡುಗುತ್ತದೆ. ಆದರೆ ಒಂದು ಸಲ ಅಡುಗೆಮನೆಯಲ್ಲಿ ನನ್ನ ಸೆರಗಿಗೆ ಬೆಂಕಿ ಹತ್ತಿತು. ಅವಳಿಗೆ ಒಂಬತ್ತೋ ಹತ್ತೋ ವರ್ಷ. ಕಿರುಚಲಿಲ್ಲ. ನಿಂತ ಜಾಗದಿಂದ ಬಂದು ನೀರು ಸುರಿದು, ಬಟ್ಟೆ ಸುಟ್ಟು ಮೈಗೆ ಅಂಟಿದ್ದನ್ನು ಎಳೆ ಎಳೆಯಾಗಿ ಬಿಡಿಸಿದಳು. ಆ ಕೈ ನಾನು ನೋಡಿದ್ದೇನೆ. ನೀನು ಹೇಳಿದ ಹಾಗೇ ಇತ್ತು, ಕಲ್ಲು. ಕೊನೆಯ ಎಳೆ ಬಿಡಿಸುವವರೆಗೂ ಉಸಿರು ಬಿಡಲಿಲ್ಲ. ಎರಡು ದಿನ ಬಿಟ್ಟು ತರಗತಿಯಲ್ಲಿ ಕೂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳಂತೆ, ಯಾಕೆ ಅಂತ ಯಾರಿಗೂ ಹೇಳಲಿಲ್ಲವಂತೆ. ಕಳೆದುಕೊಂಡೇಬಿಟ್ಟೆ ಅನ್ನಿಸಿದಾಗ ಅವಳು ಹಾಗಾಗುತ್ತಾಳೆ.

ನನ್ನ ಕಣ್ಣು ನೋಡಿದಾಗ ಅವಳಿಗೆ ಹೊರಗೆ ಹೋಗಿ ಇನ್ನೊಬ್ಬರನ್ನು ಕರೆಯುವಷ್ಟು ಧೈರ್ಯವಿತ್ತು. ನಾನು ಎಲ್ಲಿಗೂ ಹೋಗುವವಳಲ್ಲ ಅಂತ ಅವಳಿಗೆ ಗೊತ್ತು. ನಿನ್ನದು ಹಾಗಲ್ಲ. ನೀನು ಒಂದು ಸಲ ಹೋದವಳು, ಅದಕ್ಕೇ ಆ ಕೈ ಕಲ್ಲಾಗಿತ್ತು.

ಈ ಸಂಗತಿ ಇಷ್ಟು ವರ್ಷ ನನ್ನೊಬ್ಬಳದೇ ಆಗಿತ್ತು. ಕೊಟ್ಟಾಯಿತು. ಕೊಟ್ಟದ್ದಕ್ಕೆ ಇನ್ನೂ ಸಂಕಟವಾಗುತ್ತಿದೆ, ಆದ್ದರಿಂದ ಥ್ಯಾಂಕ್ಸ್ ಗೀಂಕ್ಸ್ ಅಂತ ಬರೆಯಬೇಡ.

ಮುಂದಿನ ತಪಾಸಣೆ ತಪ್ಪಿಸಬೇಡ. ಅವಳು ನಿನ್ನ ಕಣ್ಣಿನ ಹತ್ತಿರ ಬಂದಾಗ ವಟವಟ ಮಾತಾಡಿ ನಗಿಸಬೇಡ, ಸುಮ್ಮನೆ ಕೂತು ಕೇಳಿಸಿಕೋ. ಅವಳ ಉಸಿರು ಕೇಳಿಸುವುದಿಲ್ಲ. ದೀಪ ಆರಿಸುವವರೆಗೂ ಹಿಡಿದಿರುತ್ತಾಳೆ.

ಅಕ್ಕ